ಮಾರ್ಚ್‌ನಲ್ಲಿ ಡಾಂಬರು, ಜೂನ್‌ನಲ್ಲಿ ಕೆಸರು: ಖಜಾನೆಯ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಸರ್ಕಾರದ ಹಣಕಾಸಿನ ಮಾತು ಬಂದರೆ ಚರ್ಚೆ ಸಾಲದ ಮೊತ್ತಕ್ಕೋ ಗ್ಯಾರಂಟಿ ಯೋಜನೆಗಳ ಖರ್ಚಿಗೋ ಹೋಗಿ ನಿಲ್ಲುತ್ತದೆ. ಟಿವಿಯಲ್ಲಿ ಅದೇ, ಪೇಟೆಯ ಚಹದಂಗಡಿಯಲ್ಲೂ ಅದೇ. ಆದರೆ ಮಳೆಗಾಲದಲ್ಲಿ ಸಿದ್ದಾಪುರದ ಒಳಹಳ್ಳಿಯಿಂದ ಶಿರಸಿ ಆಸ್ಪತ್ರೆಗೆ ಹೊರಟವರಿಗೆ, ಜೋಯಿಡಾದಿಂದ ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆಂದು ಕಾರವಾರಕ್ಕೆ ಇಳಿಯುವವರಿಗೆ ಎದುರಾಗುವ ಪ್ರಶ್ನೆ ಬೇರೆಯೇ. ರಸ್ತೆಗೆ ಹಣ ಮಂಜೂರಾಗಿದೆ ಎಂದು ಬೋರ್ಡು ಹಾಕಿ ವರ್ಷವಾಯಿತು, ಕೆಲಸ ಯಾಕೆ ಶುರುವಾಗಿಲ್ಲ? ಶುರುವಾಗಿ ಮುಗಿದದ್ದು ಒಂದೇ ಮಳೆಗಾಲಕ್ಕೆ ಯಾಕೆ ಕಿತ್ತುಹೋಯಿತು?

ಎರಡೂ ಪ್ರಶ್ನೆಗೆ ಭ್ರಷ್ಟಾಚಾರ ಎಂದು ಉತ್ತರ ಕೊಟ್ಟು ಸುಮ್ಮನಾಗುವುದು ನಮಗೆ ರೂಢಿಯಾಗಿದೆ. ಭ್ರಷ್ಟಾಚಾರ ಇದೆ, ಇಲ್ಲವೆನ್ನುವವರು ಯಾರೂ ಇಲ್ಲ. ಆದರೆ ಎಂಜಿನಿಯರು, ಗುತ್ತಿಗೆದಾರ, ಜನಪ್ರತಿನಿಧಿ ಎಲ್ಲರೂ ಪ್ರಾಮಾಣಿಕರೇ ಎಂದಿಟ್ಟುಕೊಂಡರೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಾಕಷ್ಟು ಕೆಲಸ ಕೆಡುವಂತೆಯೇ ಹಣ ಬಿಡುಗಡೆಯ ವ್ಯವಸ್ಥೆ ಇದೆ. ಹಣ ಯಾವ ತಿಂಗಳಲ್ಲಿ ಕೈಗೆ ಬರುತ್ತದೆ, ಯಾವ ಲೆಕ್ಕಶೀರ್ಷಿಕೆಯಡಿ ಬರುತ್ತದೆ ಎಂಬುದು ಸರಿಹೋಗದೆ ಮೊತ್ತ ಎಷ್ಟು ಹೆಚ್ಚಿಸಿದರೂ ಫಲ ಕಡಿಮೆ.

ಮೊದಲು ದೊಡ್ಡ ಲೆಕ್ಕ ನೋಡಿಬಿಡೋಣ. 2025-26ರ ರಾಜ್ಯ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ಕೊರತೆ (ದಿನನಿತ್ಯದ ಖರ್ಚಿಗೆ ಆದಾಯ ಸಾಲದೆ ಬೀಳುವ ಕೊರತೆ) 19,262 ಕೋಟಿ, ವಿತ್ತೀಯ ಕೊರತೆ (ಒಟ್ಟಾರೆ ಸಾಲ ತಂದು ತುಂಬಬೇಕಾದ ಮೊತ್ತ) 90,428 ಕೋಟಿ. ಅಂದರೆ ರಾಜ್ಯದ ಒಟ್ಟು ಉತ್ಪನ್ನದ ಶೇ 2.95. ತೀರಿಸಬೇಕಾದ ಸಾಲದ ಒಟ್ಟು ಹೊಣೆಗಾರಿಕೆ ಶೇ 24.91. ಈ ಎರಡಕ್ಕೂ ಕಾನೂನಿನ ಮಿತಿ ಕ್ರಮವಾಗಿ ಶೇ 3 ಮತ್ತು ಶೇ 25. ಹಣಕಾಸು ಹೊಣೆಗಾರಿಕೆಯ ಕಾಯ್ದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ, ತಂದ ರಾಜ್ಯ ಕರ್ನಾಟಕ. ಕೋವಿಡ್‌ಗೆ ಮುಂಚೆ ವರ್ಷಗಟ್ಟಲೆ ರಾಜಸ್ವ ಹೆಚ್ಚುವರಿಯನ್ನು ಕಾಯ್ದುಕೊಂಡು ಬಂದಿತ್ತು. ಈಗ ರಾಜಸ್ವದ ಲೆಕ್ಕದಲ್ಲಿ ಜಾರಿದೆ, ಉಳಿದೆರಡರಲ್ಲಿ ಗೆರೆಯ ಅಂಚಿನಲ್ಲಿ ನಿಂತಿದೆ. ಐದು ಗ್ಯಾರಂಟಿಗಳಿಗೆ ಅದೇ ಬಜೆಟ್‌ನಲ್ಲಿ 51,034 ಕೋಟಿ ಇಟ್ಟಿದ್ದಾರೆ. ಆ ಖರ್ಚು ಬೇಕೋ ಬೇಡವೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ತಿಂಗಳಿಗೆ ಎರಡು ಸಾವಿರ ರೂಪಾಯಿ ಒಂದು ಮನೆಯಲ್ಲಿ ಏನು ಮಾಡುತ್ತದೆಂದು ಹಳ್ಳಿಯಲ್ಲಿ ಇದ್ದವರಿಗೆ ಗೊತ್ತು. ಆದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಇಷ್ಟನ್ನೂ ಕೊಟ್ಟ ಮೇಲೆ ಉಳಿಯುವ ಜಾಗ ಕಿರಿದಾದಷ್ಟೂ ಉಳಿದ ಹಣವನ್ನು ಹೇಗೆ ಖರ್ಚು ಮಾಡುತ್ತೇವೆ ಎಂಬುದು ಮುಖ್ಯವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಕಾಯ್ದೆ ಹೇಳಿಕೊಡುತ್ತದೆ. ಹಾಸಿಗೆಯನ್ನು ಸೋರುವ ಮಾಡಿನ ಕೆಳಗೆ ಹಾಸಬಾರದು ಎಂಬುದನ್ನು ಹೇಳಿಕೊಡುವುದಿಲ್ಲ.

ಏಪ್ರಿಲ್‌ನ ಲೆಕ್ಕ, ಜೂನ್‌ನ ಮಳೆ

ನಮ್ಮ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುವುದು ಬ್ರಿಟಿಷರ ಕಾಲದ ಏರ್ಪಾಡು. 1867ರಲ್ಲಿ ಅದನ್ನು ಜಾರಿಗೆ ತಂದರು. ಅದಕ್ಕೂ ಮುಂಚೆ ಮೇ 1ರಿಂದ ಏಪ್ರಿಲ್ 30ರವರೆಗೆ ಇತ್ತು. ಇಂಗ್ಲೆಂಡಿನ ಸರ್ಕಾರದ ಲೆಕ್ಕದ ಜೊತೆ ಹೊಂದಿಕೆಯಾಗಲಿ ಎಂದು ಮಾಡಿದ ಬದಲಾವಣೆಯಲ್ಲಿ ಸಹ್ಯಾದ್ರಿಯ ಮಳೆಯ ಯೋಚನೆ ಇರಲು ಸಾಧ್ಯವೂ ಇರಲಿಲ್ಲ.

ನಮ್ಮ ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬರುತ್ತದೆ, ಘಟ್ಟದ ಎಷ್ಟೋ ಕಡೆ ಇನ್ನೂ ಹೆಚ್ಚು. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಕ್ಟೋಬರಿನಲ್ಲೂ ನೆಲ ಆರಿರುವುದಿಲ್ಲ, ಹಳ್ಳ ಇಳಿದಿರುವುದಿಲ್ಲ. ರಸ್ತೆ, ಸೇತುವೆ, ಕೆರೆ, ಶಾಲೆಯ ಮಾಡು, ಏನೇ ಇರಲಿ, ಕೆಲಸ ಮಾಡಲು ಸಿಗುವುದು ನವೆಂಬರಿನಿಂದ ಮೇವರೆಗೆ. ಈ ಏಳು ತಿಂಗಳ ನಟ್ಟನಡುವೆ ಮಾರ್ಚ್ 31 ಬಂದು ಕೂತಿದೆ.

ಒಂದು ಕಾಲುಸಂಕದ ಉದಾಹರಣೆ ತೆಗೆದುಕೊಳ್ಳೋಣ. ಹಳ್ಳದ ಆಚೆ ಹತ್ತಾರು ಮನೆಗಳಿವೆ, ಈಚೆ ಶಾಲೆ. ಪ್ರತಿವರ್ಷ ಮೇ ಕೊನೆಗೆ ಊರವರೇ ಅಡಿಕೆ ಮರ ಕಡಿದು, ನಾಲ್ಕೈದನ್ನು ಒಟ್ಟಿಗೆ ಕಟ್ಟಿ, ಹಿಡಿದುಕೊಳ್ಳಲು ಪಕ್ಕಕ್ಕೆ ಬಿದಿರು ಬಿಗಿದು ಸಂಕ ಹಾಕುತ್ತಾರೆ. ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟುತ್ತದೆ. ಬ್ಯಾಗು ಹಾಕಿಕೊಂಡ ಮಗುವಿನ ಕೈ ಹಿಡಿದು ತಾಯಿ ಅಡ್ಡಡ್ಡ ಹೆಜ್ಜೆ ಇಡುತ್ತಾಳೆ. ಇಂಥ ಜಾಗಗಳಿಗೆಂದೇ ಸರ್ಕಾರ ಶಾಲಾ ಸಂಪರ್ಕ ಸೇತು ಎಂಬ ಯೋಜನೆಯನ್ನೂ ತಂದಿತ್ತು. ಕಲ್ಪನೆ ಒಳ್ಳೆಯದೇ.

ಈಗ ಆ ಸಂಕಕ್ಕೆ ಹಣ ಬರುವ ದಾರಿ ನೋಡಿ. ಫೆಬ್ರುವರಿಯಲ್ಲೋ ಮಾರ್ಚ್‌ನಲ್ಲೋ ಬಜೆಟ್ ಮಂಡನೆ. ಆಮೇಲೆ ಇಲಾಖೆಯ ಕ್ರಿಯಾಯೋಜನೆ. ಅದು ಮೇಲಿನಿಂದ ಅನುಮೋದನೆಯಾಗಿ ಬರುವಾಗ ಜೂನ್ ದಾಟಿರುತ್ತದೆ. ನಂತರ ಎಸ್ಟಿಮೇಟ್, ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ. ಹಳ್ಳ ತುಂಬಿ ಹರಿಯುವಾಗ ಅಡಿಪಾಯದ ಮಣ್ಣು ನೋಡಲು ಆಗುವುದಿಲ್ಲ, ಹಾಗಾಗಿ ಎಸ್ಟಿಮೇಟ್ ಅಂದಾಜಿನ ಮೇಲೆಯೇ ಆಗುತ್ತದೆ. ಟೆಂಡರ್ ಕರೆಯಲು ದೀಪಾವಳಿ. ಯಾರೂ ಬರದಿದ್ದರೆ ಎರಡನೇ ಕರೆ. ಕಾರ್ಯಾದೇಶ ಕೊಡುವಷ್ಟರಲ್ಲಿ ಜನವರಿ. ಕಾಂಕ್ರೀಟು ಹಾಕಿದರೆ ಅದಕ್ಕೆ ದಿನಗಟ್ಟಲೆ ನೀರುಣಿಸಬೇಕು, ಅವಸರ ಮಾಡುವಂತಿಲ್ಲ. ಅಷ್ಟರಲ್ಲಿ ಫೆಬ್ರುವರಿ ಕೊನೆಗೆ ಮೇಲಿನಿಂದ ಫೋನು ಶುರು: ಮಾರ್ಚ್ 31ರೊಳಗೆ ಖರ್ಚು ತೋರಿಸಿ, ಇಲ್ಲವಾದರೆ ಅನುದಾನ ವಾಪಸು ಹೋಗುತ್ತದೆ.

ಚುನಾವಣೆಯ ವರ್ಷವಾದರೆ ಇಡೀ ಸರಣಿ ಇನ್ನೂ ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಫೆಬ್ರುವರಿ 17ಕ್ಕೆ ಒಂದು ಬಜೆಟ್, ಸರ್ಕಾರ ಬದಲಾದ ಮೇಲೆ ಜುಲೈ 7ಕ್ಕೆ ಇನ್ನೊಂದು. ಜುಲೈ 7 ಅಂದರೆ ನಮ್ಮಲ್ಲಿ ಮಳೆ ಜಡಿಯುವ ಹೊತ್ತು.

ಸಂವಿಧಾನದಂತೆ ಶಾಸನಸಭೆ ಕೊಡುವ ಖರ್ಚಿನ ಒಪ್ಪಿಗೆ ಒಂದು ವರ್ಷದ್ದು. ವರ್ಷ ಮುಗಿದರೆ ಉಳಿದ ಹಣದ ಮೇಲಿನ ಅಧಿಕಾರವೂ ಮುಗಿಯುತ್ತದೆ. ಸರ್ಕಾರದ ಕೈಕಟ್ಟಲು ಇದು ಬೇಕಾದ ನಿಯಮವೇ. ಜನಪ್ರತಿನಿಧಿಗಳ ಒಪ್ಪಿಗೆ ಇಲ್ಲದೆ ಒಂದು ರೂಪಾಯಿಯೂ ಹೊರಹೋಗಬಾರದು ಎಂಬ ತತ್ವ ಅದರ ಬೆನ್ನಿಗಿದೆ. ಆದರೆ ಅದರ ಅಡ್ಡಪರಿಣಾಮವಾಗಿ ಹುಟ್ಟಿದ್ದೇ ಮಾರ್ಚ್ ಎಂಡ್ ಎಂಬ ಧಾವಂತ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿನ ನೂಕುನುಗ್ಗಲು ಮಾಡುವುದನ್ನು ಹಣಕಾಸು ಶಿಸ್ತಿನ ಉಲ್ಲಂಘನೆ ಎಂದೇ ಕರೆದಿವೆ. ಕೊನೆಯ ತ್ರೈಮಾಸಿಕದಲ್ಲಿ ಶೇ 33, ಮಾರ್ಚ್ ಒಂದರಲ್ಲೇ ಶೇ 15 ಮೀರಬಾರದು ಎಂದು ಕೇಂದ್ರದ ಇಲಾಖೆಗಳಿಗೆ ಹಣಕಾಸು ಸಚಿವಾಲಯ ಮಿತಿ ಹಾಕಿದೆ. ತಿಳಿದವರು ಕಾಯಿಲೆಯನ್ನು ಗುರುತಿಸಿ ಬಹಳ ಕಾಲವಾಯಿತು.

ತಾರೀಕು ಬದಲಿಸಿದರೆ ಸಾಕೇ?

ಆರ್ಥಿಕ ವರ್ಷವನ್ನೇ ಬದಲಿಸಬೇಕೆಂಬ ಮಾತು ಹೊಸತಲ್ಲ. ಎಲ್.ಕೆ. ಝಾ ಸಮಿತಿ 1985ರಲ್ಲಿ ಮುಂಗಾರಿನ ಪರಿಣಾಮವನ್ನು ಲೆಕ್ಕಕ್ಕೆ ತೆಗೆದುಕೊಂಡು ಜನವರಿಯಿಂದ ಡಿಸೆಂಬರ್ ಆಗಲಿ ಎಂದು ಶಿಫಾರಸು ಮಾಡಿತ್ತು. ಸರ್ಕಾರ ಒಪ್ಪಲಿಲ್ಲ. 2016ರಲ್ಲಿ ಶಂಕರ್ ಆಚಾರ್ಯ ನೇತೃತ್ವದಲ್ಲಿ ಮತ್ತೊಂದು ಸಮಿತಿಯಾಯಿತು, ಬದಲಾವಣೆ ಆಗಲಿಲ್ಲ. 2017ರಿಂದ ಕೇಂದ್ರ ಬಜೆಟ್ ಫೆಬ್ರುವರಿ 1ಕ್ಕೆ ಬಂದಿದೆ. ಮಾರ್ಚ್ ಒಳಗೆ ಸಂಸತ್ತಿನ ಒಪ್ಪಿಗೆ ಸಿಕ್ಕರೆ ಏಪ್ರಿಲ್‌ನಲ್ಲೇ ಕೆಲಸ ಶುರುಮಾಡಬಹುದು ಎಂಬುದು ಆಗ ಕೊಟ್ಟ ಕಾರಣ.

ಆದರೆ ನೇಪಾಳದ ಅನುಭವ ನೋಡಿದರೆ ತಾರೀಕಿನ ಮೇಲೆ ಪೂರ್ತಿ ಭಾರ ಹಾಕುವುದು ಸರಿಯಲ್ಲ ಎನಿಸುತ್ತದೆ. ಅಲ್ಲಿ ಆರ್ಥಿಕ ವರ್ಷ ಜುಲೈ ಮಧ್ಯಕ್ಕೆ ಶುರುವಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕಾಗದದ ಕೆಲಸ ಮುಗಿಸಿ ಒಣ ತಿಂಗಳುಗಳಲ್ಲಿ ಕಾಮಗಾರಿ ಮಾಡಲು ಬಹಳ ಅನುಕೂಲವೇ ಇದೆ. 2015ರ ಸಂವಿಧಾನ ಬಜೆಟ್ ಮಂಡನೆಯ ದಿನವನ್ನೂ ಜ್ಯೇಷ್ಠ 15, ಅಂದರೆ ಮೇ ಕೊನೆಯ ವಾರ ಎಂದು ಗೊತ್ತುಪಡಿಸಿತು. ಅಷ್ಟಾದರೂ ವರ್ಷದ ಕೊನೆಯ ತಿಂಗಳಾದ ಅಸಾರ್‌ನಲ್ಲಿ, ಸುರಿಯುವ ಮಳೆಯಲ್ಲೇ, ಖರ್ಚು ಮುಗಿಸಲು ಡಾಂಬರು ಹಾಕುವುದು ಅಲ್ಲಿನ ಪತ್ರಿಕೆಗಳಿಗೆ ಪ್ರತಿವರ್ಷದ ಸುದ್ದಿ. ನಡುವಿನ ಮಂಜೂರಾತಿ, ಟೆಂಡರ್, ಬಿಡುಗಡೆ ನಿಧಾನವಾದರೆ ವರ್ಷ ಯಾವಾಗ ಶುರುವಾದರೂ ಕೆಲಸ ಕೊನೆಯ ತಿಂಗಳಿಗೇ ಬಂದು ಬೀಳುತ್ತದೆ.

ಆದ್ದರಿಂದ ನಮ್ಮ ಜಿಲ್ಲೆಗೆ ಬೇಕಾದದ್ದು ದಿಲ್ಲಿಯಲ್ಲಿ ಆರ್ಥಿಕ ವರ್ಷ ಬದಲಾಗುವುದನ್ನು ಕಾಯುತ್ತ ಕೂರುವುದಲ್ಲ. ಮುಂದಿನ ವರ್ಷದ ಕಾಮಗಾರಿಗಳ ಸ್ಥಳ ಪರಿಶೀಲನೆ, ಅಳತೆ, ಎಸ್ಟಿಮೇಟ್ ಎಲ್ಲ ಈ ವರ್ಷದ ಏಪ್ರಿಲ್–ಮೇನಲ್ಲೇ, ಹಳ್ಳ ಒಣಗಿದ್ದಾಗಲೇ ಆಗಿರಬೇಕು. ಮಂಜೂರಾತಿ ಮತ್ತು ಟೆಂಡರಿಗೆ ಮಳೆಗಾಲದ ನಾಲ್ಕು ತಿಂಗಳು ಧಾರಾಳ ಸಾಕು. ನವೆಂಬರ್ ಮೊದಲ ವಾರ ಗುತ್ತಿಗೆದಾರ ಜಾಗದಲ್ಲಿರಬೇಕು. ಮಾರ್ಚ್ 31ಕ್ಕೆ ಅರ್ಧವಾಗಿದ್ದರೆ ಉಳಿದ ಅರ್ಧಕ್ಕೆ ಮುಂದಿನ ಬಜೆಟ್‌ನಲ್ಲಿ ತಾನಾಗಿ ಜಾಗ ಸಿಗುವಂತೆ ಎರಡು ವರ್ಷದ ಹಂಚಿಕೆ ಮೊದಲೇ ಬರೆದಿಡಬೇಕು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, ಮಳೆ ಜಿಲ್ಲೆಗಳಿಗೆ ಪ್ರತ್ಯೇಕ ವೇಳಾಪಟ್ಟಿ ಕೊಡುವ ಒಂದು ಆದೇಶ ಸಾಕು. ಬಳ್ಳಾರಿಗೂ ಹೊನ್ನಾವರಕ್ಕೂ ಒಂದೇ ಕ್ಯಾಲೆಂಡರ್ ಇಟ್ಟುಕೊಂಡು ಪ್ರಗತಿ ಪರಿಶೀಲನೆ ಮಾಡುವುದನ್ನು ಕೈಬಿಡಬೇಕು.

ಬಾಕಿ ಬಿಲ್ಲು ಎಂಬ ಕಾಣದ ಸಾಲ

ಕೆಲಸ ಮುಗಿದ ಮೇಲೂ ಕಥೆ ಮುಗಿಯುವುದಿಲ್ಲ. ಎಂಜಿನಿಯರು ಎಂ.ಬಿ. ಪುಸ್ತಕದಲ್ಲಿ ಅಳತೆ ಬರೆದು ಬಿಲ್ಲು ಮೇಲಕ್ಕೆ ಕಳಿಸುತ್ತಾರೆ. ಆದರೆ ಇಲಾಖೆಗೆ ಎಲ್‌ಒಸಿ ಬಂದಿರುವುದಿಲ್ಲ. ಎಲ್‌ಒಸಿ ಅಂದರೆ ಇಷ್ಟು ಮೊತ್ತದವರೆಗೆ ಪಾವತಿ ಮಾಡಬಹುದೆಂದು ಮೇಲಿನಿಂದ ಸಿಗುವ ಅನುಮತಿ. ಬಜೆಟ್ ಪುಸ್ತಕದಲ್ಲಿ ಹಣ ಇದ್ದರೂ ಖಜಾನೆಯಲ್ಲಿ ನಗದು ಇಲ್ಲದಿದ್ದರೆ ಎಲ್‌ಒಸಿ ಬರುವುದಿಲ್ಲ. ಖಜಾನೆ-2 ತಂತ್ರಾಂಶ ಬಂದ ಮೇಲೆ ಬಿಲ್ಲು ಯಾವ ಮೇಜಿನ ಮೇಲಿದೆ ಎಂದು ತಿಳಿಯುವುದು ಸುಲಭವಾಗಿದೆ. ತಿಳಿದ ಮಾತ್ರಕ್ಕೆ ಹಣ ಬರುವುದಿಲ್ಲ.

ತಮಗೆ ಬರಬೇಕಾದ ಬಾಕಿ ಸಾವಿರಾರು ಕೋಟಿ ಎಂದು ರಾಜ್ಯದ ಗುತ್ತಿಗೆದಾರರ ಸಂಘ ಸರ್ಕಾರ ಬದಲಾದರೂ ಒಂದೇ ದೂರು ಹೇಳುತ್ತ ಬಂದಿದೆ. ಇದನ್ನು ಗುತ್ತಿಗೆದಾರರ ಸಮಸ್ಯೆ ಎಂದು ತಳ್ಳಿಹಾಕಲಾಗದು. ಮಾಡಿಸಿಕೊಂಡ ಕೆಲಸಕ್ಕೆ ಕೊಡದ ಹಣ ಸಾಲವೇ. ಆದರೆ ನಮ್ಮ ಸರ್ಕಾರಗಳ ಲೆಕ್ಕ ನಗದು ಆಧಾರದ್ದು, ಹಣ ಹೊರಹೋದ ದಿನವೇ ಖರ್ಚು ಎನಿಸಿಕೊಳ್ಳುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ಬಿಲ್ಲು ತಡೆದರೆ ಆ ವರ್ಷದ ವಿತ್ತೀಯ ಕೊರತೆ ಅಷ್ಟರಮಟ್ಟಿಗೆ ಕಡಿಮೆ ಕಾಣುತ್ತದೆ. ಶೇ 2.95 ಎಂಬ ಅಂಕಿಯನ್ನು ಓದುವಾಗ ಅದರ ಹೊರಗೆ ಎಷ್ಟು ಬಿಲ್ಲು ಕಾಯುತ್ತಿದೆ ಎಂಬುದನ್ನೂ ಕೇಳಬೇಕು. ದೇಶಗಳ ಸಾರ್ವಜನಿಕ ಹಣಕಾಸು ನಿರ್ವಹಣೆಗೆ ಅಂಕ ಕೊಡಲು 2005ರಿಂದ ಬಳಕೆಯಲ್ಲಿರುವ ಪೆಫಾ ಎಂಬ ಅಂತರರಾಷ್ಟ್ರೀಯ ಮಾಪನವಿದೆ. ಅದರಲ್ಲಿ ಬಾಕಿ ಪಾವತಿಗಳ ಮೊತ್ತಕ್ಕೆ, ಅದರ ಮೇಲಿನ ನಿಗಾಕ್ಕೆ ಪ್ರತ್ಯೇಕ ಅಂಕವಿದೆ. ರಾಜ್ಯ ಪ್ರತಿವರ್ಷ ಬಜೆಟ್ ಜೊತೆ ಮಂಡಿಸುವ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ಇಲಾಖಾವಾರು, ಜಿಲ್ಲಾವಾರು, ಎಷ್ಟು ತಿಂಗಳಿನಿಂದ ಬಾಕಿ ಎಂಬ ಒಂದು ಪಟ್ಟಿ ಸೇರಿಸಿದರೆ ಅರ್ಧ ಕತ್ತಲೆ ಹರಿಯುತ್ತದೆ.

ಹಳ್ಳಿಯಲ್ಲಿ ಇದರ ಪರಿಣಾಮ ಹೇಗಿರುತ್ತದೆ? ತಾಲ್ಲೂಕಿನ ಸಣ್ಣ ಗುತ್ತಿಗೆದಾರನಿಗೆ ವರ್ಷಗಟ್ಟಲೆ ಕಾಯುವ ತಾಕತ್ತು ಇರುವುದಿಲ್ಲ. ಸೊಸೈಟಿಯಲ್ಲಿ ಅಡಿಕೆ ತೋಟದ ಮೇಲೆ ತೆಗೆದ ಸಾಲದ ಬಡ್ಡಿ ಏರುತ್ತಿರುತ್ತದೆ, ಜೆಸಿಬಿಯ ಕಂತು ತಪ್ಪುತ್ತದೆ. ಮುಂದಿನ ಟೆಂಡರಿಗೆ ಅವನು ಬರುವುದಿಲ್ಲ. ಬರುವವರು ಆ ಬಡ್ಡಿಯನ್ನೂ ದರದಲ್ಲೇ ಸೇರಿಸುತ್ತಾರೆ, ಇಲ್ಲವೇ ಜಲ್ಲಿ, ಸಿಮೆಂಟಿನಲ್ಲಿ ಕಡಿತ ಮಾಡುತ್ತಾರೆ. ಕಡಿಮೆ ದರಕ್ಕೆ ಒಳ್ಳೆಯ ಕೆಲಸ ಬೇಕಾದರೆ ಸರ್ಕಾರ ಹೊತ್ತಿಗೆ ಸರಿಯಾಗಿ ಹಣ ಕೊಡುವ ಗಿರಾಕಿ ಎನಿಸಿಕೊಳ್ಳಬೇಕು. ನಗದು ಖಾತ್ರಿ ಇಲ್ಲದೆ ಕಾರ್ಯಾದೇಶ ಕೊಡಬಾರದು ಎಂಬ ಒಂದೇ ನಿಯಮವನ್ನು ಬಿಗಿಯಾಗಿ ಪಾಲಿಸಿದರೆ ಶಂಕುಸ್ಥಾಪನೆಗಳು ಕಡಿಮೆಯಾದಾವು, ಮುಗಿದ ಕೆಲಸಗಳು ಹೆಚ್ಚಾದಾವು. ರಾಜಕೀಯವಾಗಿ ಇದು ಕಷ್ಟ ಎಂಬುದು ನನಗೂ ಗೊತ್ತು. ಕಲ್ಲು ಹಾಕಿಸಿಕೊಂಡ ಊರು ಮತ ಹಾಕುತ್ತದೆ, ಹಾಕಿಸಿಕೊಳ್ಳದ ಊರು ಸಿಟ್ಟಾಗುತ್ತದೆ.

ಇದರ ಇನ್ನೊಂದು ಮಗ್ಗುಲೆಂದರೆ ಒಂದು ಕಡೆ ಬಿಲ್ಲು ಬಾಕಿ ಇರುವಾಗಲೇ ಇನ್ನೊಂದು ಕಡೆ ಯೋಜನೆಯ ಹಣ ಇಲಾಖೆಗಳ ಬ್ಯಾಂಕ್ ಖಾತೆಗಳಲ್ಲಿ ಸುಮ್ಮನೆ ಕೂತಿರುವುದು. ಕೇಂದ್ರ ಪುರಸ್ಕೃತ ಯೋಜನೆಗಳಿಗೆ 2021ರಲ್ಲಿ ಪ್ರತಿ ರಾಜ್ಯದಲ್ಲೂ ಯೋಜನೆಗೊಂದೇ ನೋಡಲ್ ಖಾತೆ ಎಂಬ ವ್ಯವಸ್ಥೆ ಬಂದಿದ್ದು ಇದಕ್ಕಾಗಿಯೇ. ಅದು ಸರಿಯಾದ ದಾರಿ.

3054 ಮತ್ತು 5054

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ತರುವ ವಿಷಯ ದುರಸ್ತಿಯದು. ಸರ್ಕಾರದ ಲೆಕ್ಕದಲ್ಲಿ ರಸ್ತೆ ಮತ್ತು ಸೇತುವೆಗೆ ಎರಡು ಲೆಕ್ಕಶೀರ್ಷಿಕೆಗಳಿವೆ. 5054 ಹೊಸ ನಿರ್ಮಾಣದ ಬಂಡವಾಳ ವೆಚ್ಚ. 3054 ನಿರ್ವಹಣೆ, ರಾಜಸ್ವ ವೆಚ್ಚ. ರಾಜಸ್ವ ಕೊರತೆ ಇಳಿಸಬೇಕೆಂದು ಕಾಯ್ದೆ ಹೇಳಿದಾಗ ಹಣಕಾಸು ಇಲಾಖೆ ಏನನ್ನು ಕತ್ತರಿಸಬಹುದು? ಸಂಬಳ ಆಗದು, ಪಿಂಚಣಿ ಆಗದು, ಬಡ್ಡಿ ಆಗದು. ಯಾರೂ ಧರಣಿ ಕೂರದ ಬಾಬತ್ತು ಅಂದರೆ 3054. ರಸ್ತೆ ಕೆಡುವವರೆಗೆ ಬಿಟ್ಟು, ಪೂರ್ತಿ ಕೆಟ್ಟ ಮೇಲೆ 5054ರಲ್ಲಿ ಹೊಸದಾಗಿ ಮಾಡಿದರೆ ಅದು ಬಂಡವಾಳ ಹೂಡಿಕೆ ಎನಿಸಿಕೊಳ್ಳುತ್ತದೆ, ಸಾಲ ತಂದು ಮಾಡಬಹುದು, ಉದ್ಘಾಟನೆಯೂ ಆಗುತ್ತದೆ. ಶಿಸ್ತಿಗೆಂದು ತಂದ ನಿಯಮ ಹೀಗೆ ದುರಸ್ತಿಯ ಕತ್ತು ಹಿಸುಕುತ್ತದೆ.

ಘಟ್ಟದ ರಸ್ತೆಗೆ ನೀರೇ ಶತ್ರು. ಗುಡ್ಡದ ಕಡೆಯ ಗಟಾರದಲ್ಲಿ ದರಕು (ಉದುರಿದ ಒಣ ಎಲೆ), ಕುಸಿದ ಮಣ್ಣು ತುಂಬಿಕೊಂಡರೆ ಮೊದಲ ಜಡಿಮಳೆಗೇ ನೀರು ರಸ್ತೆಯ ಮೇಲೆ ಹರಿಯುತ್ತದೆ. ಡಾಂಬರಿನ ಅಂಚು ಸಡಿಲವಾಗುತ್ತದೆ, ಅಡಿಯ ಜಲ್ಲಿ ತೊಳೆದುಹೋಗುತ್ತದೆ, ಮೋರಿಯ ಬಾಯಿ ಕಟ್ಟಿ ಕೆಳಗಿನ ತೋಟಕ್ಕೆ ಕೆಸರು ನುಗ್ಗುತ್ತದೆ. ಮೊದಲೆಲ್ಲ ಲೋಕೋಪಯೋಗಿ ಇಲಾಖೆಯ ಗ್ಯಾಂಗ್‌ಮನ್‌ಗಳು ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಮೇ ತಿಂಗಳಲ್ಲಿ ಈ ಗಟಾರ ಬಿಡಿಸುತ್ತಿದ್ದರು. ಯಾವ ತಿರುವಿನಲ್ಲಿ ಒರತೆ ಏಳುತ್ತದೆ, ಯಾವ ಮೋರಿ ಕಟ್ಟಿಕೊಳ್ಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರು ನಿವೃತ್ತರಾದ ಹಾಗೆ ಆ ಜಾಗಗಳು ಖಾಲಿಯಾದವು. ನಾಲ್ಕು ಕೂಲಿಗಳ ಒಂದು ವಾರದ ಸಂಬಳ ಉಳಿಸಿ ಒಂದು ಕಿಲೋಮೀಟರ್ ರಸ್ತೆಯನ್ನೇ ಕಳೆದುಕೊಳ್ಳುವ ಲೆಕ್ಕಾಚಾರವನ್ನು ಉಳಿತಾಯ ಎಂದು ಕರೆಯಲಾದೀತೆ?

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಒಂದು ಒಳ್ಳೆಯ ಕ್ರಮವಿದೆ. ರಸ್ತೆ ಮಾಡಿದ ಗುತ್ತಿಗೆದಾರನೇ 5 ವರ್ಷ ಅದನ್ನು ನೋಡಿಕೊಳ್ಳಬೇಕು ಎಂಬುದು ಒಪ್ಪಂದದಲ್ಲೇ ಸೇರಿರುತ್ತದೆ. ಆರನೇ ವರ್ಷದಿಂದ ಅದು ರಾಜ್ಯದ ಹೊಣೆ, ಆಗ ಮತ್ತೆ 3054ರ ಬಾಗಿಲಲ್ಲಿ ನಿಲ್ಲಬೇಕು.

ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಬದುಕಿಸಿದರು. ಅದಕ್ಕೆ ಸ್ವಲ್ಪವೇ ಮುಂಚೆ, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಬದಿಯಲ್ಲಿದ್ದ ಜೀವಗಳು ಗಂಗಾವಳಿಯ ಪಾಲಾಗಿದ್ದವು. ಎರಡೂ ರಾಷ್ಟ್ರೀಯ ಹೆದ್ದಾರಿಯ ಮೇಲಿನವು, ರಾಜ್ಯದ ಬಜೆಟ್ಟಿನ ನೇರ ಬಾಬತ್ತಲ್ಲ. ಆದರೂ ಅವು ಎತ್ತಿದ ಪ್ರಶ್ನೆ ಎಲ್ಲ ಸರ್ಕಾರಗಳಿಗೂ ಒಂದೇ. ಯಾವ ಸೇತುವೆಯ ವಯಸ್ಸೆಷ್ಟು, ಕೊನೆಯ ಬಾರಿ ಪರೀಕ್ಷೆ ಮಾಡಿದ್ದು ಯಾವಾಗ, ವರ್ಷಕ್ಕೆ ನಿರ್ವಹಣೆಗೆ ಎಷ್ಟು ಬೇಕು ಎಂಬ ಆಸ್ತಿ ಪಟ್ಟಿ ಜನರಿಗೆ ಕಾಣುವಂತೆ ಇದೆಯೇ? ಕೇಂದ್ರದ ಹಣ ರಾಜ್ಯಗಳಿಗೆ ಹೇಗೆ ಹಂಚಿಕೆಯಾಗಬೇಕೆಂದು ಹೇಳುವ ಹಣಕಾಸು ಆಯೋಗಗಳಲ್ಲಿ 15ನೆಯದು ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ರಷ್ಟನ್ನು ಅನಾಹುತ ಆಗುವ ಮೊದಲೇ ತಡೆಗಟ್ಟುವ ಕೆಲಸಕ್ಕೆ ಮೀಸಲಿಟ್ಟಿತು. ಗುಡ್ಡ ಕುಸಿಯುವ ಜಾಗಗಳು ಗೊತ್ತೇ ಇರುವ ನಮ್ಮಂಥ ಜಿಲ್ಲೆಯಲ್ಲಿ ಈ ಭಾಗ ಎಲ್ಲೆಲ್ಲಿ ಖರ್ಚಾಯಿತು ಎಂಬ ವಿವರ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಇರಬೇಕಾದದ್ದು.

ಸಾರ್ವಜನಿಕ ಹೂಡಿಕೆಯಿಂದ ಸಿಗಬಹುದಾದ ಫಲದಲ್ಲಿ ಸರಾಸರಿ ಶೇ 30ರಷ್ಟು ಹೂಡಿಕೆಯ ಪ್ರಕ್ರಿಯೆಯಲ್ಲಿನ ಲೋಪದಿಂದಲೇ ಕೈತಪ್ಪುತ್ತದೆ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ 2015ರಲ್ಲಿ ಅಂದಾಜಿಸಿತ್ತು. ಹೊಸ ತೆರಿಗೆ ಹಾಕದೆ ಸಿಗಬಹುದಾದ ಹಣ ಅಲ್ಲಿದೆ.

ತಲೆ ಲೆಕ್ಕದಲ್ಲಿ ಸೋಲುವ ಜಿಲ್ಲೆ

ಉತ್ತರ ಕನ್ನಡದ ವಿಸ್ತೀರ್ಣ 10,291 ಚದರ ಕಿಲೋಮೀಟರ್, ರಾಜ್ಯದ ಶೇ 5.4ರಷ್ಟು. ಜನಸಂಖ್ಯೆ 2011ರ ಗಣತಿಯಂತೆ 14.37 ಲಕ್ಷ, ರಾಜ್ಯದ ಶೇ 2.35 ಮಾತ್ರ. ಚದರ ಕಿಲೋಮೀಟರಿಗೆ ರಾಜ್ಯದಲ್ಲಿ 319 ಜನ, ನಮ್ಮಲ್ಲಿ 140. ಅನುದಾನ ತಲೆ ಎಣಿಸಿ ಹಂಚಿದರೆ ಉದ್ದ ರಸ್ತೆ, ದೂರ ದೂರದ ಮನೆ, ಹತ್ತಾರು ಹಳ್ಳಗಳಿರುವ ಪಂಚಾಯಿತಿಗೆ ಒಂದು ಕಿಲೋಮೀಟರಿನ ಪಾಲಿಗೆ ಬರುವುದು ಬಿಡಿಗಾಸು. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಇಟ್ಟಿತು. ರಾಜ್ಯದೊಳಗಿನ ಹಂಚಿಕೆಯಲ್ಲಿ ವಿಸ್ತೀರ್ಣಕ್ಕೂ ರಸ್ತೆಯ ಉದ್ದಕ್ಕೂ ಮಳೆಗೂ ಹೆಚ್ಚು ತೂಕ ಕೇಳುವುದು ನಮ್ಮ ಪ್ರತಿನಿಧಿಗಳ ಕೆಲಸ, ಅದು ಭಿಕ್ಷೆಯಲ್ಲ.

ಬಂದ ಹಣಕ್ಕೂ ಕಟ್ಟುಪಾಡುಗಳಿವೆ. 2026ರ ಮಾರ್ಚ್‌ವರೆಗಿನ 15ನೇ ಆಯೋಗದ ಅವಧಿಯಲ್ಲಿ ಪಂಚಾಯಿತಿಗಳು ಅದರ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಿತ್ತು. ಲೆಕ್ಕಪತ್ರ ಪರಿಶೋಧನೆಯಾಗಿ ಆನ್‌ಲೈನ್‌ನಲ್ಲಿ ಸಿಗುವಂತಿರಬೇಕು, ಚುನಾಯಿತ ಮಂಡಳಿ ಇರಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಿದ್ದು ಪ್ರಜಾಪ್ರಭುತ್ವಕ್ಕಷ್ಟೇ ಅಲ್ಲ, ಜಿಲ್ಲೆಯ ಬೊಕ್ಕಸಕ್ಕೂ ಬಿದ್ದ ಹೊಡೆತ.

ಕಾಡಿನ ತಡೆಯ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಹೆಚ್ಚು ಜನರಿಗೆ ಗೊತ್ತಿಲ್ಲ. ಊರಿನ ರಸ್ತೆ, ನೀರಿನ ಪೈಪು, ಅಂಗನವಾಡಿಯಂಥ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಬೇಕಿದ್ದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬೇಕಾಗಿಲ್ಲದಿದ್ದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಜಿಲ್ಲಾ ಮಟ್ಟದಲ್ಲೇ ಅನುಮತಿ ಸಿಗಬಹುದು. ಆ ಠರಾವನ್ನು ಎಸ್ಟಿಮೇಟ್ ಜೊತೆಗೇ ಮಾಡಿಸಿಟ್ಟರೆ ಒಂದು ಬೇಸಿಗೆ ಉಳಿಯುತ್ತದೆ.

ಸ್ವಂತ ಆದಾಯದ ಕಡೆಯೂ ಮಾಡಬೇಕಾದದ್ದಿದೆ. ಗೋಕರ್ಣ, ಮುರುಡೇಶ್ವರ, ದಾಂಡೇಲಿ, ಯಾಣದ ಸುತ್ತ ಪ್ರವಾಸಿಗರ ಮೇಲೆ ಬದುಕುವ ಕಟ್ಟಡಗಳು ಏಳುತ್ತಲೇ ಇವೆ. ಹೋಮ್‌ಸ್ಟೇ ಆದ ಮನೆ ಪಂಚಾಯಿತಿಯ ರಿಜಿಸ್ಟರಿನಲ್ಲಿ ವಾಸದ ಮನೆಯಾಗಿಯೇ ಉಳಿದರೆ ಅದರ ಕಸ, ನೀರು, ರಸ್ತೆಯ ಭಾರವನ್ನು ಪಕ್ಕದ ಕೂಲಿಕಾರರ ಮನೆ ಕರ ಹೊರಬೇಕಾಗುತ್ತದೆ. ಕರ ಪರಿಷ್ಕರಣೆ ಎಂದರೆ ಸದಸ್ಯರು ಹಿಂಜರಿಯುತ್ತಾರೆ, ಎಲ್ಲರೂ ನೆಂಟರು, ಕೇರಿಯವರು. ಆ ಮುಜುಗರ ಸಹಜ. ಆದರೆ ಕಟ್ಟಡದ ಅಳತೆ ಮತ್ತು ಬಳಕೆಯ ಮೇಲೆ ಎಲ್ಲರಿಗೂ ಒಂದೇ ಸೂತ್ರವಿಟ್ಟು, ವಸೂಲಾದ ಕರದಲ್ಲಿ ಇಷ್ಟು ಪಾಲು ಗಟಾರ ಮತ್ತು ಸಂಕಕ್ಕೆ ಎಂದು ಗ್ರಾಮಸಭೆಯಲ್ಲೇ ಬರೆದುಕೊಂಡರೆ ಕೊಡುವವರಿಗೂ ಬೇಸರ ಕಡಿಮೆ.

ಗ್ರಾಮ ಪಂಚಾಯಿತಿಗಳ ಜಮಾಬಂದಿ, ಅಂದರೆ ಕಳೆದ ವರ್ಷದ ಲೆಕ್ಕವನ್ನು ಜನರ ಮುಂದಿಟ್ಟು ಪರಿಶೀಲಿಸುವುದು, ನಡೆಯುವುದು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ. ಗಾಂಧಿ ಜಯಂತಿಯ ನಂತರ ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆಗಳು ಶುರುವಾಗುತ್ತವೆ. 16ನೇ ಹಣಕಾಸು ಆಯೋಗದ ಅವಧಿ 2026ರ ಏಪ್ರಿಲ್‌ನಿಂದ 2031ರ ಮಾರ್ಚ್‌ವರೆಗಿನದು, ಅಂದರೆ ಐದು ಮಳೆಗಾಲಗಳ ಹಣ. ಜಮಾಬಂದಿಯಲ್ಲಿ ಪಿಡಿಒ ಮುಂದೆ ಇಡಬೇಕಾದ ಪ್ರಶ್ನೆಗಳು ಮೂರೇ ಮೂರು. ಕಳೆದ ವರ್ಷ ಯಾವ ಯಾವ ತಿಂಗಳಲ್ಲಿ ಎಷ್ಟೆಷ್ಟು ಹಣ ಬಂತು? ಮುಗಿದ ಕೆಲಸಗಳಲ್ಲಿ ಎಷ್ಟರ ಬಿಲ್ಲು ಬಾಕಿ ಇದೆ, ಎಷ್ಟು ದಿನದಿಂದ? ಹೊಸದಕ್ಕೆ ಎಷ್ಟು ಹೋಯಿತು, ಇದ್ದದ್ದರ ದುರಸ್ತಿಗೆ ಎಷ್ಟು? ಇದೇ ಮೂರನ್ನು ತಾಲ್ಲೂಕಿನ ಎಂಜಿನಿಯರಿಗೂ, ಕಾರವಾರದಲ್ಲಿ ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಉಸ್ತುವಾರಿ ಸಚಿವರಿಗೂ ಕೇಳಬಹುದು. ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿ ಕೇಳಿ ಪಡೆದುಕೊಳ್ಳಿ.